ಮೂರು ಬಾಯಿಯ ಸಾಕ್ಷಿ

ಪಾಲಹಳ್ಳಿ
೧೯ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅವ್ವಾ,

ಅಜ್ಜಿಯ ಸೊಂಟ ಹೇಗಿದೆ? ಗೋಡೆ ಹಿಡಿದು ನಡೆಯುತ್ತಿದ್ದಾಳೋ, ಇಲ್ಲ ಇನ್ನೂ ನಿನ್ನ ಹೆಗಲೇ ಬೇಕೋ? ಅಕ್ಕಿಹೆಬ್ಬಾಳಿನಲ್ಲಿ ಹೊಳೆ ಕಡೆಯಿಂದ ಬೆಳಗಿನ ಹೊತ್ತು ಥಂಡಿ ಗಾಳಿ ಬರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೋ. ನಿನ್ನ ಮಂಡಿನೋವಿನ ಎಣ್ಣೆಯನ್ನು ಇಲ್ಲೇ ಮರೆತು ಹೋಗಿದ್ದೀಯ, ಕೆ.ಆರ್. ಪೇಟೆಗೆ ಯಾರಾದರೂ ಹೋದರೆ ತರಿಸಿಕೋ. ನಾನು ಚೆನ್ನಾಗಿದ್ದೇನೆ. ಕೋಳಿಗಳೂ ಚೆನ್ನಾಗಿವೆ. ಫೋನು ಇರುವಾಗ ಕಾಗದವೇಕೆ ಎಂದು ಬೈಯಬೇಡ. ಫೋನಿನಲ್ಲಿ ಒಂದು ಹೆಸರು ಕೇಳಿದ ಕೂಡಲೇ ನೀನು ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ.

ನಮ್ಮ ಸಭೆಗೆ ಹೊಸ ಹಿರಿಯರನ್ನು ಆರಿಸಬೇಕಾಗಿದೆ. ಮಂಚಯ್ಯ ತಾತನಿಗೆ ಕಣ್ಣು ಕಾಣುವುದು ಕಡಿಮೆಯಾಗಿ, ಮುಂದಿನ ತಿಂಗಳಿಂದ ಪ್ರಾರ್ಥನೆ ನಡೆಸಲಾರೆ ಎಂದಿದ್ದಾರೆ. ಪಾಸ್ಟರು ಬರುವುದು ತಿಂಗಳಿಗೊಮ್ಮೆ, ಉಳಿದ ಭಾನುವಾರಗಳಿಗೆ ಯಾರಾದರೂ ಬೇಕಲ್ಲ? ಎದ್ದ ಹೆಸರು ಎರಡು. ಒಂದು, ಚಿನಕುರಳಿ ಹತ್ತಿರ ಕಲ್ಲು ಒಡೆಯುವ ಚಿಕ್ಕಮಾದಯ್ಯ. ಇನ್ನೊಂದು, ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ಕೆಂಪಣ್ಣ. ಹೌದವ್ವಾ, ಅವರೇ. ಕಾಗದ ಮಡಿಸಬೇಡ, ಓದು.

ಹೆಂಗಸರೆಲ್ಲ ಕೆಂಪಣ್ಣನ ಕಡೆ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಶರಟು, ಮೈಕು ಬೇಡದ ಗಂಟಲು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಸುವಾರ್ತೆ ಕರಪತ್ರಗಳ ಕಟ್ಟು ನಿನಗೆ ಗೊತ್ತಲ್ಲ, ನೀನು ಒಲೆಗೆ ಹಾಕುತ್ತೇನೆ ಎನ್ನುತ್ತಿದ್ದೆಯಲ್ಲ, ಅದರಲ್ಲಿ ಒಂದನ್ನು ಹಿಡಿದು ಎದ್ದು ನಿಂತೆ. ದೇವರು ಶರಟು ನೋಡುವುದಿಲ್ಲ, ಹೃದಯ ನೋಡುತ್ತಾನೆ. ಮದುವೆ ಗಂಡನ್ನು ನೋಡುವ ಹಾಗೆ ಹಿರಿಯರನ್ನು ನೋಡುತ್ತೀರಲ್ಲ, ಸೆಂಟು ಹೊಡೆದವನಿಗೆ ಸೇವೆ ಕೊಡುತ್ತೀರಾ, ಹರಕು ಬನಿಯನ್ನಿನಲ್ಲಿ ಹಿಂದೆ ಕೂರುವ ಚಿಕ್ಕಮಾದಯ್ಯ ಕಣ್ಣಿಗೆ ಬೀಳುವುದಿಲ್ಲವಾ ಎಂದು ಕೂಗಿದೆ. ಮಂಚಯ್ಯ ತಾತ ಬೊಚ್ಚುಬಾಯಲ್ಲಿ ನಕ್ಕರು. "ಹೃದಯ ನೋಡಕ್ಕೆ ನಿನ್ತಾವ ಎಕ್ಸ್‌ರೇ ಮಿಷನ್ ಐತೇನವ್ವ? ಇಷ್ಟೊಂದು ಕೂಗ್ತೀಯಲ್ಲ, ನೀನೇ ಓಗಿ ಮೂರು ಬಾಯಿ ಕೇಳ್ಕಂಬಾ" ಎಂದರು.

ಮೂರು ಬಾಯಿ ಕೇಳುವುದು ನಮ್ಮ ಸಭೆಯ ಹಳೆಯ ಪದ್ಧತಿಯಂತೆ, ಹದಿನೆಂಟು ವರ್ಷದಿಂದ ಹೊಸ ಹಿರಿಯರೇ ಬರದ ಕಾರಣ ನನಗೆ ಗೊತ್ತಿರಲಿಲ್ಲ. ಸಭೆಯೊಳಗೆ ಎಲ್ಲರೂ ಒಳ್ಳೆಯವರೇ, ಅದಕ್ಕೇ ಹೊರಗೆ ಕೇಳಬೇಕು. ಪಕ್ಕದ ಮನೆಯವರ ಬಾಯಿ, ಜೊತೆ ದುಡಿಯುವವರ ಬಾಯಿ, ಕೊನೆಗೆ ಜಗಳ ಆಡಿ ಮಾತು ಬಿಟ್ಟವರ ಬಾಯಿ. ಮೂರರಲ್ಲಿ ಒಂದು ಸಿಗದಿದ್ದರೂ ಆ ಹೆಸರು ಬಿದ್ದಹಾಗೆ. ಇಂಥ ಬುದ್ಧಿ ಯಾವ ಕರಪತ್ರದಲ್ಲೂ ಇಲ್ಲವಲ್ಲ ಎಂದು ನನಗೆ ಕುತೂಹಲವೋ ಕುತೂಹಲ.

ಮೊದಲು ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಚಿನಕುರಳಿಗೆ ಹೋದೆ. ಚಿಕ್ಕಮಾದಯ್ಯನ ಪಕ್ಕದ ಮನೆಯ ದ್ಯಾವಮ್ಮ ಹೊಗಳಿದರು. ಜೊತೆಗೆ ಕಲ್ಲು ಒಡೆಯುವ ಶಿವಲಿಂಗಯ್ಯ, "ದೇವ್ರಂಥ ಮನ್ಸ ಬುಡವ್ವ" ಎಂದರು. ನಾನು ಗೆದ್ದೆ ಎಂದುಕೊಂಡೆ. ಮೂರನೆಯ ಬಾಯಿ ರಂಗಸ್ವಾಮಿ ಎನ್ನುವವರದು. ಹಿಂದೆ ಯಾವುದೋ ಬದುವಿನ ಜಗಳವಂತೆ. ಆತ ಟ್ರಾಕ್ಟರಿನ ಮೇಲಿಂದ ಇಳಿಯದೆಯೇ ಹೇಳಿದರು: "ತಪ್ಪು ನಂದೇ ಕಣವ್ವ. ಒಪ್ಕಂಡು ಎರಡು ಸಲ ಅವನ ಬಾಗ್ಲಿಗೆ ಓದೆ. ಎರಡು ಸಲವೂ ಮಕದ ಮೇಲೆ ಬಾಗ್ಲು ಆಕ್ಕಂಡ. ನಿಮ್ಮಲ್ಲಿ ಕ್ಷಮ್ಸೋದು ಅಂತೇನೋ ಐತಂತಲ್ಲ, ಅದು ಇರೋದು ಆಡಕ್ಕೆ ಮಾತ್ರವಾ?" ಬಸ್ಸಿನಲ್ಲಿ ಬರುವಾಗ ಹೊಳೆಯಿತು, ಹರಕು ಬನಿಯನ್ನೂ ಒಂದು ಬಟ್ಟೆಯೇ. ಅವರು ಇಸ್ತ್ರಿ ನೋಡಿ ಮರುಳಾದರು, ನಾನು ಹರಕು ನೋಡಿ ಮರುಳಾದೆ.

ಕೆಂಪಣ್ಣನ ವಿಚಾರಕ್ಕೆ ಶ್ರೀರಂಗಪಟ್ಟಣಕ್ಕೆ ಹೋದೆ. ವಾರ್ಡಿನ ನರ್ಸಮ್ಮ, "ಬೇರೆಯವರು ಮೂಗು ಮುಚ್ಚಿಕೊಳ್ಳೋ ಕೆಲಸಕ್ಕೆ ಅವರನ್ನೇ ಕರೀತೀವಿ" ಎಂದರು. ಕೆಂಪಣ್ಣನ ಬಾಡಿಗೆ ಕೋಣೆಯ ಪಕ್ಕದಲ್ಲೇ ದೇವಸ್ಥಾನದ ಕೆಲಸದವರ ಮನೆಯಿದೆ. ಆ ಮನೆಯ ಸೊಸೆ ಪದ್ಮಮ್ಮ ಬಾಗಿಲಲ್ಲೇ ನಿಲ್ಲಿಸಿ, ಯಾರು ಏನು ಎಂದು ವಿಚಾರಿಸಿ, ಆಮೇಲೆ ಜಗಲಿಯ ಮೇಲೆ ಕೂರಿಸಿದರು. ಅವರ ಮಾವ ಶ್ರೀಕಂಠಯ್ಯನವರು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರಂತೆ. ಬೆನ್ನೆಲ್ಲ ಹುಣ್ಣು. ಪ್ರತಿ ಭಾನುವಾರ ಬೆಳಗ್ಗೆ ಕೆಂಪಣ್ಣ ಹೋಗಿ ಹುಣ್ಣು ತೊಳೆದು, ಬಟ್ಟೆ ಬದಲಾಯಿಸಿ, ಉಗುರು ಕತ್ತರಿಸಿ ಬರುತ್ತಿದ್ದರಂತೆ. "ಹಿತ್ತಲ ನಲ್ಲೀಲಿ ಮೈಕೈ ತೊಳ್ಕೊಂಡು, ಬೇರೆ ಶರಟು ಹಾಕ್ಕೊಂಡು, ಸೆಂಟು ಹೊಡ್ಕೊಂಡು ಹೊರಡೋರು. ಪ್ರಾರ್ಥನೇಲಿ ಪಕ್ಕ ಕೂತೋರಿಗೆ ಹುಣ್ಣಿನ ವಾಸನೆ ಬರಬಾರದು ನೋಡಿ ಅನ್ನೋರು. ಊರಲ್ಲಿ ಯಾರಿಗೂ ಹೇಳಬೇಡ ಅಂತ ಮಾವನೇ ಅವರ ಹತ್ರ ಮಾತು ತಗೊಂಡಿದ್ರು. ಆಚಾರವಂತರ ಮನೆ, ನಿಮಗೆ ಅರ್ಥ ಆಗತ್ತಲ್ಲ? ಮಾವ ಹೋಗಿ ಆರು ತಿಂಗಳಾಯ್ತು. ಇನ್ನು ಮುಚ್ಚಿಟ್ರೆ ನಮಗೇ ಪಾಪ" ಎಂದರು. ಕೂರಿಸಿದ್ದು ಜಗಲಿಯ ಮೇಲೆಯೇ, ಆದರೆ ಕಣ್ಣಲ್ಲಿ ನೀರಿತ್ತು.

ಏಳುವ ಹೊತ್ತಿಗೆ ಅವರು ಇನ್ನೊಂದು ಮಾತು ಹೇಳಿದರು. ಎರಡು ವರ್ಷದ ಹಿಂದೆ ಒಂದು ದಿನ ಮುದುಕರು ಮಂಚದಿಂದ ಬಿದ್ದು ತಲೆ ಒಡೆದುಕೊಂಡರು. ಗಂಡ ರಾಘವ ಊರಲ್ಲಿರಲಿಲ್ಲ. ಕೆಂಪಣ್ಣನೇ ಎತ್ತಿಕೊಂಡು ಆಟೋದಲ್ಲಿ ಕರೆದುಕೊಂಡು ಹೋಗಿ, ಹೊಲಿಗೆ ಹಾಕಿಸಿ, ಮತ್ತೆ ಮಲಗಿಸುವವರೆಗೂ ಇದ್ದರಂತೆ. "ಪಾಲಹಳ್ಳೀಲಿ ನನ್ನ ಸ್ನೇಹಿತನ ಮಣ್ಣು, ಹೆಗಲು ಕೊಡಬೇಕು ಅಂತ ಗಡಿಯಾರ ನೋಡ್ತಾನೇ ಇದ್ರು, ಪಾಪ. ಅಂಗಿ ತುಂಬ ರಕ್ತ ಅಂತ ಬದಲಾಯಿಸ್ಕೊಂಡು ಓಡಿದ್ರು. ಸಿಕ್ತೋ ಇಲ್ವೋ" ಎಂದರು. ಅದು ನಮ್ಮ ಅಪ್ಪನ ಮಣ್ಣು ಅವ್ವಾ.

ಅಜ್ಜಿಗೆ ನನ್ನ ಮುತ್ತು ಕೊಡು. ದೇವರು ನಿಮ್ಮಿಬ್ಬರ ಕಾಲಿಗೂ ಬಲ ಕೊಡಲಿ.

ನಿನ್ನ ಬಾಯಿಬಡುಕಿ ಮಗಳು,
ಚಿನ್ನು

ವಿ.ಸೂ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕೆಂಪಣ್ಣನಿಗೆ ಎರಡೇ ಬಾಯಿ ಸಿಕ್ಕಿರುವುದು. ಅವರ ಜೊತೆ ಜಗಳ ಆಡಿದವರು ಯಾರು ಎಂದು ತಾತ ಕೇಳಿದಾಗ ಸಭೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಅಪ್ಪನ ಗುಂಡಿ ಮುಚ್ಚಿದ ಮೇಲೆ ಬಂದವರಿಗೆ, "ಮದ್ವೆಗೆ ಬಂದಂಗೆ ಸೆಂಟ್ ಹೊಡ್ಕಂಡ್ ಬಂದಿದ್ದೀಯಾ, ನನ್ನ ಒಸ್ಲು ತುಳೀಬೇಡ" ಎಂದವಳು ನೀನೊಬ್ಬಳೇ. ಇದರೊಳಗೆ ಒಂದು ಕಾರ್ಡು ಇಟ್ಟಿದ್ದೇನೆ, ಮಂಚಯ್ಯ ತಾತನ ವಿಳಾಸ ಬರೆದಿದೆ. ಭಾನುವಾರದೊಳಗೆ ಬರಬೇಕು. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ, ಈ ಸಲ ನನಗೆ ಕೂಗುವ ಧೈರ್ಯವಿಲ್ಲ. ಒಂದೇ ಒಂದು ಕೇಳುತ್ತೇನೆ: ನೀನು ಹಾಗೆ ಅಂದಾಗ ಅವರು ತಿರುಗಿ ಏನಾದರೂ ಅಂದರಾ ಅವ್ವಾ? ನನಗೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನಗೆ ನೆನಪಿದ್ದರೆ ಅದನ್ನೇ ಬರಿ.