ಹದಿನಾಲ್ಕು ಖಾನೆಯ ಕಾರ್ಡ್

12 ಏಪ್ರಿಲ್ 2010, ಸೋಮವಾರ

ಹಳೇ ಕೇಸ್ ಪೇಪರ್ ಕಟ್ಟು ಕಟ್ಟಿ ಮೂರನೇ ಕಪಾಟಿಗೆ ಏರಿಸಿದ್ದಾಯಿತು. ಮಧ್ಯಾಹ್ನ ಆಸ್ಪತ್ರೆಯ ಸ್ಟಾಫಿಗೆಲ್ಲ ಹಂದಿಜ್ವರದ ಲಸಿಕೆ. ಹೋದ ಆಗಸ್ಟಿನಲ್ಲಿ ಇಡೀ ಪುಣೆ ಮೂಗಿಗೆ ಕರವಸ್ತ್ರ ಕಟ್ಟಿ ಓಡಾಡಿದ್ದು ನೆನಪಾಯಿತು. ಎಡತೋಳು ಭಾರ — ಅಷ್ಟೇ.

ಒಬ್ಬೊಬ್ಬರಿಗೂ ಒಂದು ಕಾರ್ಡ್. ಹದಿನಾಲ್ಕು ಖಾನೆ, ದಿನಕ್ಕೊಂದು. ಜ್ವರ, ನೋವು, ಏನಾದರೂ ಅಂದಂದೇ ಬರೆಯಬೇಕು. ಒಟ್ಟು ಮಾಡುವ ಕೆಲಸ ರೆಕಾರ್ಡ್ ರೂಮಿಗೆ, ಅಂದರೆ ನನಗೆ.

ಆಯಾ ರಂಗೂಬಾಯಿ ಸೂಜಿಗೆ ಹೆದರಿ ಮತ್ತೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ನಮ್ಮ ಬೆಳಗಾವಿ ಕಡೆಯವಳು. ಲಸಿಕೆಯ ಬಗ್ಗೆ ಪೇಪರಿನಲ್ಲಿ ಬಂದಿದ್ದ ಕಟಿಂಗ್ ಓದಿ ಹೇಳಿದೆ — ತೋಳು ನೋವು, ಸಣ್ಣ ಜ್ವರ, ಎರಡು ದಿನ. "ನೀವು ಹೇಳತೀರಿ ಅಂದ್ರ ತಗೋತೀನ್ರಿ ಅಣ್ಣಾರ," ಅಂದಳು. ತಗೊಂಡಳು.

15 ಏಪ್ರಿಲ್, ಗುರುವಾರ

ಸರಿಯಾಗಿ ಬರೆಯುತ್ತಿರುವವರು ನಾಲ್ವರು. ಉಳಿದವರಿಗೆ ಮರೆವು. ಆಯಾಗಳಿಗೆ ಬರೆಯಲು ಬಾರದು. ಹಾಜರಿ ಮಸ್ಟರ್ ತುಂಬುವ ಹಾಗೆ ಒಂದೇ ಕೂತಲ್ಲಿ ಹನ್ನೊಂದು ಕಾರ್ಡ್ ತುಂಬಿಬಿಟ್ಟೆ. ಮೊದಲ ಖಾನೆ 'ತೋಳು ನೋವು', ಉಳಿದ ಹದಿಮೂರು 'ನಿಲ್', ಏನೂ ಇಲ್ಲ. ಇಪ್ಪತ್ತೈದನೇ ತಾರೀಖಿನವರೆಗೆ ಎಲ್ಲರೂ ಆರೋಗ್ಯ.

ಹೆಬ್ಬೆಟ್ಟು ಒತ್ತುವಾಗ ರಂಗೂಬಾಯಿ ನಕ್ಕಳು. "ಮುಂದಿಂದೂ ಬರದ್ರೇನ್ರಿ? ಪಂಚಾಂಗದವ್ರು ಆದ್ರಿ ನೀವು."

20 ಏಪ್ರಿಲ್, ಮಂಗಳವಾರ

ಭಾರೀ ಬಿಸಿಲು. ಚಹಾದ ಹೊತ್ತಿಗೆ ರಂಗೂಬಾಯಿ ಬಂದಳು. ಅಂಗಾಲು ಜುಮುಗುಡುತ್ತವಂತೆ, ಇರುವೆ ಹರಿದ ಹಾಗೆ. ಕಟಿಂಗ್‌ನಲ್ಲಿ ಅಂಥದ್ದೇನೂ ಇಲ್ಲ. ಬಿಸಿಲಿಗೆ ಹಾಗಾಗುತ್ತದೆ, ಲಿಂಬೆ ಶರಬತ್ತು ಕುಡಿ ಅಂದೆ.

"ಕಾರ್ಡಿನ್ಯಾಗ ಹಾಕತೀರಿಲ್ರಿ?"

ಹಾಕುತ್ತೇನೆ ಅಂದೆ. ಕಾರ್ಡುಗಳ ಕಟ್ಟು ಬಿಚ್ಚಬೇಕಲ್ಲ… ನಾಳೆ.

26 ಏಪ್ರಿಲ್, ಸೋಮವಾರ

ಬರೆಯಲು ಮನಸ್ಸಾಗಿರಲಿಲ್ಲ. 23ಕ್ಕೆ ರಂಗೂಬಾಯಿ ಮೆಟ್ಟಿಲ ಮೇಲೆ ಬಿದ್ದಳು. 24ಕ್ಕೆ ಎದ್ದು ನಿಲ್ಲಲಾಗಲಿಲ್ಲ. ದಿನಾ ತಾನೇ ಚಾದರ ಹಾಸುತ್ತಿದ್ದ ವಾರ್ಡಿನ ಹಾಸಿಗೆಯಲ್ಲೇ ಮಲಗಿಸಿದರು. ಇಂದು ಉಸಿರು ಸಾಲದೆ ಐಸಿಯು. ಗಂಟಲಲ್ಲಿ ನಳಿಗೆ. ಮಾತಿಲ್ಲ.

ಡಾಕ್ಟರ್ ಮಂಜರಿ ಮೇಡಂ ನರದ ಕಾಯಿಲೆ ಎಂದರು. ಲಸಿಕೆಯಿಂದಲೇ ಎನ್ನಲಾಗದು, ಅಲ್ಲವೆಂದೂ ಅನ್ನಲಾಗದು, ತೀರಾ ಅಪರೂಪ. ಯಾವತ್ತು ಶುರುವಾಯಿತು ಎಂಬುದು ಬೇಕು ಎಂದು ಕಾರ್ಡ್ ತರಿಸಿದರು. ಹಾಸಿಗೆ ಹಿಡಿದ ದಿನವೂ 'ನಿಲ್'! ಹೀಗೆ ಬರೆದವರು ಯಾರು ಎಂದು ಕೇಳಿದರು.

ಸುಪರಿಂಟೆಂಡೆಂಟ್ ಉತ್ತರಿಸಿದ್ದು — ಹೆಬ್ಬೆಟ್ಟು ಅವಳದೇ, ಹಾಸಿಗೆ ಹಿಡಿದ ದಿನವೂ 'ನಿಲ್' ಅಂದವಳ ಮಾತನ್ನು ನಂಬುವ ಹಾಗಿಲ್ಲ. ಲಸಿಕೆಯ ಕೇಸ್ ಎಂದು ಮೇಲಕ್ಕೆ ಬರೆಯುವುದಿಲ್ಲ. ಸ್ಟಾಫ್ ಎಂದು ಇಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಬುಧವಾರ ಸರಕಾರಿ ಆಸ್ಪತ್ರೆಗೆ.

ಮೇಡಂ ವಾದಿಸಿದರು: ಈ ಸ್ಥಿತಿಯಲ್ಲಿ ಸಾಗಿಸುವುದು ಅಪಾಯ.

ನಾನು ಫೈಲ್ ಹಿಡಿದು ಅಲ್ಲೇ ನಿಂತಿದ್ದೆ.

27 ಏಪ್ರಿಲ್, ಮಂಗಳವಾರ

ಅವಳ ಗಂಡ ಕೃಷ್ಣಾಜಿ ದೌಂಡದಿಂದ ಬಂದಿದ್ದಾನೆ. ರೈಲ್ವೆ ಗ್ಯಾಂಗ್‌ಮನ್. ರೆಕಾರ್ಡ್ ರೂಮಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟ.

"ಕಾಲು ಜುಮ್ ಅಂದಿದ್ದು ಅಣ್ಣಾರು ಬರಕೊಂಡಾರ ಅಂತ ಫೋನಿನ್ಯಾಗ ಹೇಳಿದ್ಲ್ರಿ. ಅದನ್ನಷ್ಟು ಡಾಕ್ಟರಿಗೆ ತೋರಸ್ರಿ. ನಾಳೆ ಒಯ್ಯತಾರಂತ."

ಹುಡುಕುತ್ತೇನೆ ಅಂದೆ. ಹುಡುಕುವುದೇನಿದೆ.

ಗಾಜಿನಾಚೆಯಿಂದ ನೋಡಿದೆ. ಕಣ್ಣುಗಳಷ್ಟೇ ಆಡುತ್ತವೆ. ನನ್ನ ಮೇಲೆ ನಿಂತವು. ಬೈದಿದ್ದರೆ ಹಗುರಾಗುತ್ತಿತ್ತು.

ಬರೆದದ್ದು ನಾನೆಂದರೆ ಹತ್ತೊಂಬತ್ತು ವರ್ಷದ ನೌಕರಿ ಹೋಗುತ್ತದೆ. ಉಳಿದ ಹತ್ತು ಕಾರ್ಡಿನ ಮಾತೂ ಏಳುತ್ತದೆ. ಅನ್ನದಿದ್ದರೆ ನಾಳೆ ಹತ್ತು ಗಂಟೆಗೆ ಅವಳನ್ನು ಒಯ್ಯುವ ವ್ಯಾನ್.

28 ಏಪ್ರಿಲ್, ಬುಧವಾರ, ಬೆಳಿಗ್ಗೆ 7

ಖಾಲಿ ಕಾರ್ಡ್ ಒಂದು ಮನೆಗೆ ತಂದಿದ್ದೆ. ತುಂಬುವ ಮೊದಲು ಇಲ್ಲಿ ಕಚ್ಚಾ:

12 — ತೋಳು ನೋವು.
13ರಿಂದ 19 — ಕೇಳಲಿಲ್ಲ. ಗೊತ್ತಿಲ್ಲ.
20 — ಅಂಗಾಲು ಜುಮು. ನನಗೆ ಹೇಳಿದಳು. ಬರೆಯಲಿಲ್ಲ.
21, 22 — ಕೇಳಲಿಲ್ಲ.
23 — ಮೆಟ್ಟಿಲ ಮೇಲೆ ಬಿದ್ದಳು.
24 — ನಿಲ್ಲಲಾಗಲಿಲ್ಲ.
25 — ಕೈಯೂ ಎತ್ತಲಾಗಲಿಲ್ಲ, ನರ್ಸ್ ಹೇಳಿದ್ದು.

ಹದಿನಾಲ್ಕೂ ಆಯಿತು. ಕೆಳಗೆ ಹೆಬ್ಬೆಟ್ಟಿನ ಜಾಗ ಖಾಲಿ ಬಿಡುತ್ತೇನೆ. ಅದರ ಪಕ್ಕ, ಕಾರ್ಡ್ ತುಂಬಿದವರ ಹೆಸರು —