ಏಳನೇ ಪಾಠದ ಡೌಟು

ಪ್ರಾಂಶುಪಾಲರಿಗೆ,

ಐ ಬೆಗ್ ಟು ಸ್ಟೇಟ್, ನಾನು ನಿಮ್ಮಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಮೇಡಂನ ಗಂಡ. ಕಾಲೇಜಿನ ಇಂಗ್ಲಿಷು ಇಷ್ಟೇ ಉಳಿದಿರುವುದು, ಮುಂದೆ ಕನ್ನಡ. ಹುಡುಗರು ಮನೆಯಲ್ಲೇ ಪಾಠ ನೋಡಿ ಕ್ಲಾಸಿಗೆ ಡೌಟು ತರಬೇಕೆಂದು ನೀವು ನಿಯಮ ಮಾಡಿದಾಗ, ಅವಳು ಕಾಯಿಲೆಯಲ್ಲೂ ನಮ್ಮ ಊಟದ ಮೇಜಿನಲ್ಲಿ ನಲವತ್ತು ಪಾಠ ರೆಕಾರ್ಡ್ ಮಾಡಿಕೊಟ್ಟಳು. ಅವಳು ತೀರಿಕೊಂಡ ವಾರವೇ ಕಾಲೇಜಿನ ಲ್ಯಾಪ್‌ಟಾಪ್ ವಾಪಸ್ ತರಿಸಿಕೊಂಡಿರಿ. ಪಾಠಗಳ ಮೇಲೆ ಈಗ ಹೊಸ ಲೆಕ್ಚರರ ಹೆಸರಿದೆ. ಇರಲಿ.

ಏಳನೇ ಪಾಠದಲ್ಲಿ ಬ್ಯುರೆಟ್ಟಿನ ಗಾಜಿನ ಕೊಳವೆಯಿಂದ ಹನಿ ಬಿಡುತ್ತಾ ಅವಳು, ಪಕ್ಕದಲ್ಲಿ ನ್ಯೂಸ್‌ಪೇಪರ್ ಸರಸರ ಮಗುಚುತ್ತಿದ್ದ ನನ್ನ ಕಡೆ ತಿರುಗಿ, "ರೀ, ಆ ಪೇಪರ್ ಮಡಚಿಡ್ರೀ! ಇಲ್ಲಿ ಬಣ್ಣ ಬದಲಾಗೋ ಹೊತ್ತು" ಎಂದು ಗದರುತ್ತಿದ್ದಳು. ದಿನಾ ಬೆಳಿಗ್ಗೆ ನಿಮ್ಮ ವೆಬ್‌ಸೈಟಿನಲ್ಲಿ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಮೊನ್ನೆ ನೋಡಿದರೆ ಗದರಿಕೆಯೇ ಇಲ್ಲ. ನಿಮ್ಮ ನಿಯಮದಂತೆಯೇ ಡೌಟು ಹಿಡಿದು ಕ್ಲಾಸಿಗೆ ಬಂದೆ. "ಯಜಮಾನ್ರೇ, ಅದು ಡಿಸ್ಟರ್ಬೆನ್ಸ್ ಅಂತ ಕಟ್ ಮಾಡಿದ್ವಿ" ಎಂದು ಲೆಕ್ಚರರು ನಕ್ಕರು. ವಾಚ್‌ಮನ್ ನನ್ನನ್ನು ಗೇಟಿನವರೆಗೆ ಬಿಟ್ಟುಹೋದ.

ಪಾಠವನ್ನೂ ಹೆಸರನ್ನೂ ನೀವೇ ಇಟ್ಟುಕೊಳ್ಳಿ. ಕತ್ತರಿಸಿದ ಆರು ಸೆಕೆಂಡನ್ನು ಮಾತ್ರ ಜೊತೆಗಿಟ್ಟಿರುವ ಪೆನ್‌ಡ್ರೈವಿಗೆ ಹಾಕಿಕೊಡಿ. ಅದು ನಿಮ್ಮ ಸಿಲಬಸ್ಸಿನದಲ್ಲ, ನನಗೆ ಹೇಳಿದ್ದು.

ಯುವರ್ಸ್ ಒಬಿಡಿಯೆಂಟ್ಲಿ,
ಕೊನೆಗೂ ಪೇಪರ್ ಮಡಚಿಟ್ಟವನು