ಕೋಟೆಯೊಳಗೆ ಬಟ್ಟೆ ಒಣಗಿಸಬಾರದಂತೆ

ಐರಿನಕ್ಕಾ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅಷ್ಟು ತಾಳ್ಮೆ ಈಗ ನನಗಿಲ್ಲ. ನಿಮ್ಮ ಹಗ್ಗ ಬಿಚ್ಚಿದರು. ಅಬುಧಾಬಿಯ ಮಕ್ಕಳ ಪ್ರದರ್ಶನಕ್ಕೆಂದು ನಾವು ಕಟ್ಟಿದ ಅಮೆರಿಕದ ಹಳೆಯ ಗಡಿಕೋಟೆಯಲ್ಲಿ, ನೀವು ಹಟ ಹಿಡಿದು ಮಾಡಿಸಿದ ಒಗೆಯುವ ಹೆಂಗಸರ ಸಾಲು ಇತ್ತಲ್ಲ, ಅಲ್ಲಿ ಹಗ್ಗದ ಮೇಲೆ ಹರವಿದ್ದ ಬಟ್ಟೆಯನ್ನೆಲ್ಲ ತೆಗೆದು ಬಿಸಾಡಿದರು. ಬಿಸಾಡಿಸಿದ್ದು ಹೊರಗಿನವರಲ್ಲ, ನಮ್ಮ ಊರಿನವರೇ, ನಮ್ಮ ಮ್ಯಾನೇಜರ್ ನವೀನಣ್ಣ. ಅಣ್ಣ ಎನ್ನಲು ಮನಸ್ಸಿಲ್ಲ, ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ.

ಆ ಕೋಟೆಯ ಮೊದಲ ಚಿತ್ರ ಬಂದ ದಿನ ನೆನಪಿದೆಯೇ? ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ವರ್ಕ್‌ಶಾಪಿನಲ್ಲಿ ಅದನ್ನು ಮೇಜಿನ ಮೇಲೆ ಹರಡಿದ್ದರು. ಮರದ ದಿಮ್ಮಿಗಳ ಗೋಡೆ, ಕಾವಲುಗೋಪುರ, ಫಿರಂಗಿ, ಬಾವುಟ, ಕುದುರೆಯ ಮೇಲೆ ದಳಪತಿ. ಗೋಡೆಯಾಚೆ ಬಿಲ್ಲು ಹಿಡಿದ ಮೂಲನಿವಾಸಿಗಳು, ಆ ನೆಲ ಅವರದ್ದೇ ಅಲ್ಲ ಎಂಬ ಹಾಗೆ. ಎಲ್ಲರೂ ಭೇಷ್ ಎಂದರು. ವಿನ್ಯಾಸ ಮಾಡಬೇಕಾದ ನೀವು ಮಾತ್ರ ಕನ್ನಡಕವನ್ನು ಹಣೆಗೇರಿಸಿ, "ಅಲ್ಲ ಮಾರಾಯ್ರೆ, ಇಷ್ಟು ಗಂಡಸರು ಉಂಟಲ್ಲ ಇಲ್ಲಿ, ಇವರ ಬಟ್ಟೆ ಒಗೆದದ್ದು ಯಾರು?" ಎಂದಿರಿ. ನವೀನಣ್ಣ ನಕ್ಕರು. ಗೊಂಬೆಗಳಿಗೆ ಬಟ್ಟೆ ಹೊಲಿಸುವ ನಾನೂ ನಕ್ಕೆ. ನೀವು ನಗಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಫ್ಲ್ಯಾಟಿನಲ್ಲಿ ಊಟಕ್ಕೆ ಕುಳಿತರೆ ಕೋಟೆಯದ್ದೇ ಮಾತು. ಬಂಗುಡೆ ಸಾರಿಗೆ ಅನ್ನ ಕಲೆಸುತ್ತ ನೀವು ಹೇಳುತ್ತಿದ್ದಿರಿ. ಆ ಸೈನಿಕರು ಯುದ್ಧ ಮಾಡಿದ್ದು ಅಪರೂಪವಂತೆ. ದಿನವಿಡೀ ಕಟ್ಟಿಗೆ ಕಡಿಯುವುದು, ನೀರು ಹೊರುವುದು, ತರಕಾರಿ ತೋಟಕ್ಕೆ ಗೊಬ್ಬರ ಹಾಕುವುದು. ಬಿಸಿ ರೊಟ್ಟಿ ಹೊಟ್ಟೆಗೆ ಕೆಡುಕೆಂದು ತಂಗಳು ರೊಟ್ಟಿಯನ್ನೇ ಕೊಡುತ್ತಿದ್ದರಂತೆ. ಎಷ್ಟೋ ಮಂದಿ ಬೇರೆ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರು, ಬೇಸತ್ತು ಗೋಡೆ ಹಾರಿ ಓಡುತ್ತಿದ್ದರು. ನಮ್ಮ ಬಡಗಿ ಸದಾನಂದಣ್ಣ ಒಮ್ಮೆ ಊಟಕ್ಕೆ ಬಂದವರು ಇದನ್ನು ಕೇಳಿ, "ಕೆಲಸ ಬಿಟ್ಟು ಓಡಿದ್ರೆ ಇಲ್ಲಿಯ ಹಾಗೆ ಅಬ್ಸ್‌ಕಾಂಡಿಂಗ್ ಕೇಸು ಹಾಕ್ತಿದ್ರಾ?" ಎಂದು ಕೇಳಿದ್ದರು. "ಹಾಕದೆ ಬಿಡ್ತಾರಾ? ಹಿಡಿದು ತಂದು ಚಾಟಿಯೇಟು ಕೊಡ್ತಿದ್ರು" ಎಂದಿರಿ. ಸದಾನಂದಣ್ಣ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಆದರೆ ನಿಮ್ಮ ಜೀವವೆಲ್ಲ ಇದ್ದದ್ದು ಆ ಹೆಂಗಸರ ಮೇಲೆ. ಕೋಟೆಯ ಒಂದು ಮೂಲೆಯಲ್ಲಿ, ನೀರಿಗೆ ಹತ್ತಿರ, ಅವರಿಗೊಂದು ಸಾಲು ಗುಡಿಸಲು. ಕೊಬ್ಬು ಮತ್ತು ಬೂದಿನೀರು ಕುದಿಸಿ ಮಾಡಿದ ಸಾಬೂನು, ಕೈಯ ಚರ್ಮ ಕಿತ್ತುಬರುವಂಥದ್ದು. ಕೆಲವರು ಸೈನಿಕರ ಹೆಂಡಂದಿರು, ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ಒಗೆಯುತ್ತಿದ್ದವರು. "ಇವರು ಒಂದು ವಾರ ಕೈ ಕಟ್ಟಿ ಕೂತಿದ್ರೆ ಆ ದಳಪತಿ ಚಡ್ಡಿ ಇಲ್ಲದೆ ಕುದುರೆ ಹತ್ತಬೇಕಿತ್ತು" ಎಂದಿರಿ. ಕೊನೆಗೆ ನೀವೇ ಗೆದ್ದಿರಿ. ಮೂಲನಿವಾಸಿಗಳು ಬಿಲ್ಲು ಬಿಟ್ಟು ತಮ್ಮ ಜೋಳದ ಹೊಲದ ನಡುವೆ ನಿಂತರು, ಮಕ್ಕಳು ಆ ಹೊಲ ದಾಟಿಯೇ ಕೋಟೆಗೆ ಬರಬೇಕೆಂದಾಯಿತು. ಒಳಗೆ ಒಗೆಯುವ ಹೆಂಗಸರ ಸಾಲು ಎದ್ದಿತು. ಹಗ್ಗದ ಮೇಲೆ ಅಂಗಿ ಹರವುತ್ತ ಕೈ ಎತ್ತಿದ ಗೊಂಬೆಗಳು ಒಂದಷ್ಟು. ಹಗ್ಗವನ್ನು ನೀವೇ ಕಟ್ಟಿದಿರಿ, ಸದಾನಂದಣ್ಣ ಕಟ್ಟಿದ ಗಂಟು ನಿಮಗೆ ಸರಿಬರಲಿಲ್ಲ.

ಹಗ್ಗದ ಮೇಲೆ ನಿಮಗೇಕೆ ಅಷ್ಟು ಪ್ರೀತಿ ಎಂದು ನನಗೆ ಗೊತ್ತಿತ್ತು. ನಮ್ಮ ಬಾಲ್ಕನಿಯಲ್ಲಿ ನೀವು ಬೆಡ್‌ಶೀಟ್ ಹಾಕಿದಾಗೆಲ್ಲ ವಾಚ್‌ಮ್ಯಾನ್ ಬಾಗಿಲು ತಟ್ಟುತ್ತಿದ್ದ. ಹೊರಗೆ ಬಟ್ಟೆ ಕಾಣಬಾರದು, ದಂಡ ಬೀಳುತ್ತದೆ. "ಇಷ್ಟು ಬಿಸಿಲು ಇಟ್ಟುಕೊಂಡು ಫ್ಯಾನಿನ ಅಡಿಯಲ್ಲಿ ಬಟ್ಟೆ ಒಣಗಿಸುವ ಗ್ರಹಚಾರ ನೋಡು ವಿಜೀ" ಎಂದು ಗೊಣಗುತ್ತ ಹಾಲ್‌ನಲ್ಲಿ ಸ್ಟ್ಯಾಂಡ್ ಬಿಡಿಸುತ್ತಿದ್ದಿರಿ. ಬಟ್ಟೆಗೆ ಬರುವ ಆ ಮುಗ್ಗಲು ವಾಸನೆಗೆ ನಿಮಗೆ ಎಲ್ಲಿಲ್ಲದ ಸಿಟ್ಟು.

ಆ ಸಿಟ್ಟನ್ನು ಎದೆನೋವಿನ ಮೇಲೆ ಯಾಕೆ ತೋರಿಸಲಿಲ್ಲ ನೀವು? ಎಲ್ಲರ ಮೇಲೆ ರೇಗುತ್ತಿದ್ದವರು, ನಿಮ್ಮ ಸರದಿ ಬಂದಾಗ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕುಳಿತಿರಿ. ಆಸ್ಪತ್ರೆಗೆ ಹೋಗುವ ಎಂದರೆ ಕೆಲಸ ಮುಗಿಯಲಿ ಎಂದಿರಿ. ಕೆಲಸ ಮುಗಿಯಿತು, ಐರಿನಕ್ಕಾ. ನೀವು ಪೆಟ್ಟಿಗೆಯೊಳಗೆ ಮಲಗಿ ಕಾರ್ಗೋದಲ್ಲಿ ಊರಿಗೆ, ಶಿರ್ವಕ್ಕೆ ಹೋದಿರಿ. ವರ್ಕ್‌ಶಾಪಿನಲ್ಲಿ ಒಂದು ನಿಮಿಷ ಮೌನ ಆಚರಿಸಿ ಆಮೇಲೆ ಗರಗಸ ಚಾಲೂ ಮಾಡಿದರು. ಹೀಗೆ ಹೋದದ್ದಕ್ಕೆ ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆಂದು ಕಾದುಕೂರಬೇಡಿ.

ಉದ್ಘಾಟನೆಗೆ ಮೊದಲು ಪ್ರದರ್ಶನದ ಮುಖ್ಯಸ್ಥೆ ನೋಡಲು ಬರುವವರಿದ್ದರು. ಆ ಬೆಳಿಗ್ಗೆ ನವೀನಣ್ಣ ಒಂದು ಸುತ್ತು ಬಂದರು, ಹಗ್ಗ ಕಂಡಿತು. "ಎಂತ ಇದು, ಹೊರಗೆಲ್ಲ ಬಟ್ಟೆ? ನೋಟಿಸ್ ಬರ್ತದೆ. ತೆಗೀರಿ, ಯಲ್ಲಾ, ಬೇಗ ಬೇಗ!" ಎಂದು ಕ್ಲೀನಿಂಗಿನವರಿಗೆ ಹೇಳಿದರಂತೆ. ನೋಡಿ ಅಕ್ಕಾ, ಇಪ್ಪತ್ತು ವರ್ಷ ಟವರುಗಳಲ್ಲಿ ಬಾಡಿಗೆಗಿದ್ದ ಮನುಷ್ಯ. ಒದ್ದೆ ಬಟ್ಟೆ ಕಂಡರೆ ತಾನಾಗಿಯೇ ಭಯ. ಅಮೆರಿಕದ ಕಾಡಿನ ಕೋಟೆಗೂ ಬಿಲ್ಡಿಂಗ್ ರೂಲ್ಸ್! ನಾನು ಹಿಂದಿನ ಬಾಗಿಲಿನಿಂದ ಬರುವಷ್ಟರಲ್ಲಿ ನಾನು ಹೊಲಿಸಿದ ಅಂಗಿ, ಲಂಗ, ಉಲ್ಲನ್ ಚಡ್ಡಿ ಎಲ್ಲ ಕಸದ ಲಾರಿ ಹತ್ತಿಯಾಗಿತ್ತು.

ಆ ಗೊಂಬೆಗಳು ಹಾಗೇ ನಿಂತಿದ್ದವು. ಹಗ್ಗವಿಲ್ಲ, ಬಟ್ಟೆಯಿಲ್ಲ, ಎರಡೂ ಕೈ ಮೇಲೆ. ಮುಖ್ಯಸ್ಥೆ ಬಂದು ನೋಡಿ, ಈ ಹೆಂಗಸರು ಯಾಕೆ ಶರಣಾಗುತ್ತಿದ್ದಾರೆ ಎಂದು ಕೇಳಿದರು. ನವೀನಣ್ಣ ಒಂದು ಕ್ಷಣವೂ ತಡವರಿಸಲಿಲ್ಲ. "ಅತಿಥಿಗಳನ್ನು ಸ್ವಾಗತಿಸುತ್ತಿದ್ದಾರೆ ಮೇಡಂ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು! ಆಕೆಗೆ ಖುಷಿಯೋ ಖುಷಿ. ಅಲ್ಲೊಂದು 'ಸ್ವಾಗತ' ಎಂಬ ಬೋರ್ಡು ಹಾಕಿ ಎಂದರು. ಕೈ ಸುಟ್ಟುಕೊಂಡು ಒಗೆದ ಹೆಂಗಸರು ಕೊನೆಗೆ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುವವರಾದರು. ನೀವಿದ್ದಿದ್ದರೆ...

ನಾನು ಸುಮ್ಮನಿರಲಿಲ್ಲ. ಆಕೆ ಹೋದ ಮೇಲೆ ಎಲ್ಲರ ಎದುರೇ ಕೇಳಿದೆ. ನವೀನಣ್ಣನಿಗೆ ತಪ್ಪು ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಒಪ್ಪಲು ಬಾಯಿ ಬರಬೇಕಲ್ಲ. "ಖಲಾಸ್, ವಿಜಯಾ. ಕ್ಲೈಂಟಿಗೆ ಇಷ್ಟ ಆಗಿದೆ. ಐರಿನ್ ಇದ್ದಿದ್ರೂ ಹೂಂ ಅಂತಿದ್ರು."

"ಐರಿನಕ್ಕ ಇದ್ದಿದ್ರೆ ನಿಮ್ಮ ಶರ್ಟು ಬಿಚ್ಚಿಸಿ ಆ ಹಗ್ಗಕ್ಕೆ ಹಾಕ್ತಿದ್ರು" ಎಂದೆ.

"ಬಾಯಿ ಹಿಡಿತದಲ್ಲಿರಲಿ. ನಿನ್ನ ವೀಸಾ ರಿನ್ಯೂವಲ್‌ಗೆ ಸೈನ್ ಹಾಕುವವ ನಾನು, ಗೊತ್ತುಂಟಲ್ಲ?"

ಗೊತ್ತುಂಟು. ಆ ರಾತ್ರಿ ಅದನ್ನೇ ನೆನೆದು ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮನ್ನು ಎರಡನೇ ಸಲ ಕಳುಹಿಸಿಕೊಡಲು ನಾನು ತಯಾರಿರಲಿಲ್ಲ. ಹೊಸದಾಗಿ ಹೊಲಿಸಲು ಸಮಯವಿರಲಿಲ್ಲ. ನಿಮ್ಮ ಸಾಮಾನು ಒಯ್ಯಲು ಬಂದಿದ್ದ ನಿಮ್ಮ ತಂಗಿ ಬೇಡವೆಂದು ಬಿಟ್ಟುಹೋದ ಸೂಟ್‌ಕೇಸ್ ತೆಗೆದೆ. ನಿಮ್ಮ ಬಿಳಿ ಬೆಡ್‌ಶೀಟು, ನೀವೇ ಕ್ರೋಶಾ ಹಾಕಿದ ದಿಂಬಿನ ಕವರುಗಳು, ಹತ್ತಿಯ ಪೆಟಿಕೋಟು. ಉದ್ಘಾಟನೆಯ ದಿನ ಸದಾನಂದಣ್ಣನೂ ನಾನೂ ಬಾಗಿಲು ತೆರೆಯುವ ಮೊದಲೇ ಒಳಹೊಕ್ಕೆವು. ಅವರಿಗೂ ವೀಸಾ ಇದೆ, ಅವರಿಗೂ ಮನೆಮಂದಿ ಇದ್ದಾರೆ. "ಗಂಟು ಈ ಸಲ ನಾನು ಕಟ್ಟುವುದಾ?" ಎಂದಷ್ಟೇ ಕೇಳಿದರು. ಬಟ್ಟೆಗಳನ್ನು ನಾನು ನೀರಲ್ಲಿ ಅದ್ದಿ ಹಿಂಡಿಯೇ ಹಾಕಿದೆ, ಒಣ ಬಟ್ಟೆಗೆ ಭಾರವಿಲ್ಲ ಎಂದು ನೀವು ಹೇಳುತ್ತಿದ್ದಿರಲ್ಲ. ಗೊಂಬೆಗಳ ಕೈಗೆ ಮತ್ತೆ ಕೆಲಸ ಸಿಕ್ಕಿತು. ಸ್ವಾಗತದ ಬೋರ್ಡನ್ನು ಸದಾನಂದಣ್ಣ ಫಿರಂಗಿಯ ಹಿಂದೆ ತಳ್ಳಿದರು.

ಮಕ್ಕಳು ಬಂದರು. ಹೊಲ ದಾಟಿ, ಗೇಟು ದಾಟಿ, ಎಲ್ಲರೂ ಫಿರಂಗಿಯ ಕಡೆಗೇ ಓಡಿದರು. ನವೀನಣ್ಣ ಮಗಳನ್ನು ಕರೆದುಕೊಂಡು ಬಂದಿದ್ದರು. ಹಗ್ಗ ನೋಡಿ ಅವರ ಮುಖ ಕೆಂಪೇರಿತು. ನನ್ನ ಕಡೆ ಬರಲು ಹೆಜ್ಜೆ ಎತ್ತಿದರು, ಅಷ್ಟರಲ್ಲಿ ಆ ಹುಡುಗಿ ನಿಮ್ಮ ಬೆಡ್‌ಶೀಟಿನ ಕೆಳಗೆ ನಿಂತು, ತಲೆಯ ಮೇಲೆ ಬಿದ್ದ ಹನಿ ಒರೆಸಿಕೊಂಡು, "ಪಪ್ಪಾ, ಹೂ ವಾಶ್ಡ್ ಆಲ್ ದಿಸ್?" ಎಂದಳು.

ಕೇಳಿತೇ ಅಕ್ಕಾ? ಇದೆಲ್ಲ ಒಗೆದದ್ದು ಯಾರು ಎಂಬ ನಿಮ್ಮದೇ ಪ್ರಶ್ನೆ. ಆ ದಿನ ಮೇಜಿನ ಸುತ್ತ ನಿಂತು ನಾವೆಲ್ಲ ನಕ್ಕ ಪ್ರಶ್ನೆ. ನವೀನಣ್ಣ ಈ ಸಲ ನಗಲಿಲ್ಲ. ನನ್ನ ಮುಖ ನೋಡದೆ, "ಆಂಟಿ ಹತ್ರ ಕೇಳು, ಅವರಿಗೆ ಗೊತ್ತುಂಟು" ಎಂದರು. ನಾನು ಹೇಳಿದೆ. ಸಾಬೂನಿನಿಂದ ಹಿಡಿದು ಬುಟ್ಟಿಯ ಮಗುವಿನವರೆಗೆ ಎಲ್ಲ ಹೇಳಿದೆ. ನಿಮ್ಮ ಹೆಸರನ್ನೂ ಹೇಳಿದೆ.

ಹಗ್ಗ ಉಳಿಯಿತು. ನನ್ನ ವೀಸಾದ ಮಾತು ಇನ್ನೂ ಬಂದಿಲ್ಲ, ಬಂದಾಗ ನೋಡಿಕೊಳ್ಳುತ್ತೇನೆ. ಈ ವಾರ ಹೊಸ ಬಟ್ಟೆ ಹೊಲಿಸಿ ಅಲ್ಲಿಗೆ ಹಾಕಿ, ನಿಮ್ಮದನ್ನು ಮನೆಗೆ ತಂದೆ. ಕೈಯಲ್ಲೇ ಒಗೆದೆ. ಸ್ಟ್ಯಾಂಡ್ ಬಿಡಿಸಲು ಹೋದವಳು ಹಾಗೇ ನಿಂತೆ. ಫ್ಯಾನಿನ ಅಡಿಯಲ್ಲಿ ನಿಮ್ಮ ಬೆಡ್‌ಶೀಟಿಗೆ ಆ ಮುಗ್ಗಲು ವಾಸನೆ? ಸಾಧ್ಯವೇ ಇಲ್ಲ.

ಬಾಲ್ಕನಿಯಲ್ಲಿ ಹಾಕಿದ್ದೇನೆ, ಈ ಕಡೆಯಿಂದ ಆ ಕಡೆಗೆ, ಚೆನ್ನಾಗಿ ಎಳೆದು. ಬಿಸಿಲು ಜೋರಾಗಿದೆ. ವಾಚ್‌ಮ್ಯಾನ್ ಆಗಲೇ ಬಾಗಿಲು ತಟ್ಟುತ್ತಿದ್ದಾನೆ. ತಟ್ಟಲಿ. ಒಣಗಿದ ಮೇಲೆ ತೆಗೆಯುತ್ತೇನೆ.

ನಿಮ್ಮ
ವಿಜಿ